ಮನುಷ್ಯನಿಗೆ ಬೆಲೆ ಕಟ್ಟಬಹುದೆ?



ಈ ಸಂಚಿಕೆಯಲ್ಲಿ ತಮ್ಮ ಮುಂದೆ ಇಡಬಯಸುವ ಪ್ರಶ್ನೆ ನಮ್ಮದಲ್ಲ. ಸಂತಪುರದ ಸಮೀಪದ ಹಳ್ಳಿಯೊಂದರಿಂದ ಮಠಕ್ಕೆ ಬಂದ ಒಬ್ಬ ಕೂಲಿಕಾರ ಭಕ್ತನು ಕೇಳಿದ ಪ್ರಶ್ನೆ ಅದು. ಅಂದು ಅವನಿಗೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಪಾಠಶಾಲೆಯಲ್ಲಿ ಶಾಸ್ತ್ರವನ್ನೂ ವಿಶ್ವವಿದ್ಯಾಲಯದಲ್ಲಿ ತತ್ತ್ವಜ್ಞಾನವನ್ನೂ ಓದಿದವರೆಂಬ ಹೆಸರು ನಮಗಿದೆ. ಆದರೂ ಆ ಭಕ್ತನ ಎದುರಿನಲ್ಲಿ ನಾವು ಮೌನವಾಗಿ ಕುಳಿತೆವು. ಆ ಮೌನದ ಋಣವನ್ನು ತೀರಿಸುವ ಪ್ರಯತ್ನವೇ ಈ ಲೇಖನ.

ನಡೆದ ಸಂಗತಿಯನ್ನು ಮೊದಲು ಹೇಳುತ್ತೇವೆ. ತೊಗರಿಯ ರಾಶಿ ಮುಗಿದ ದಿನಗಳಲ್ಲಿ ಆ ಹಳ್ಳಿಯ ತರುಣರು ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾವಳಿಯನ್ನು ಏರ್ಪಡಿಸಿದ್ದರು. ಎಂಟು ತಂಡಗಳು, ತಂಡಕ್ಕೊಬ್ಬ ಮಾಲಕ. ಮಾಲಕರಲ್ಲಿ ಅಡತಿ ವ್ಯಾಪಾರಿಗಳಿದ್ದರು, ಗುತ್ತಿಗೆದಾರರಿದ್ದರು. ಪಂದ್ಯಕ್ಕೆ ಮುನ್ನ ಸಮುದಾಯ ಭವನದಲ್ಲಿ ಆಟಗಾರರ ಹರಾಜು. ಅದಕ್ಕೆ ದಿವ್ಯಸಾನ್ನಿಧ್ಯ ವಹಿಸಬೇಕೆಂದು ನಮ್ಮನ್ನು ಕರೆದರು. ತರುಣರ ಉತ್ಸಾಹವನ್ನು ಮುರಿಯಬಾರದೆಂದು ನಾವು ಹೋದೆವು. ಹೆಸರು ಕೂಗಿದೊಡನೆ ಒಬ್ಬೊಬ್ಬ ಹುಡುಗನೂ ಎದ್ದು ನಿಲ್ಲಬೇಕು. ಮಾಲಕರು ಸವಾಲು ಕೂಗಬೇಕು. ಮೂರನೆಯ ಕೂಗಿಗೆ ಮರದ ಸುತ್ತಿಗೆ ಮೇಜಿನ ಮೇಲೆ ಬೀಳಬೇಕು. ಎಲ್ಲವೂ ದೂರದರ್ಶನದಲ್ಲಿ ಕಂಡಂತೆಯೇ ನಡೆಯಿತು. ಜನರು ಚಪ್ಪಾಳೆ ತಟ್ಟಿದರು. ಹೇಳಲು ಸಂಕೋಚವಾಗುತ್ತದೆ, ನಾವೂ ತಟ್ಟಿದೆವು.

ಆ ಭಕ್ತನ ಮಗ ಹದಿನೇಳು ವರ್ಷದವನು. ಅವನನ್ನು ಒಂದು ತಂಡ ಎಲ್ಲಕ್ಕಿಂತ ಕಡಿಮೆ ಸವಾಲಿಗೆ, ಐದುನೂರು ರೂಪಾಯಿಗೆ ಪಡೆಯಿತು. ಪಂದ್ಯಾವಳಿಯ ಮೂರನೆಯ ದಿನ ಇನ್ನೊಂದು ತಂಡಕ್ಕೆ ವಿಕೆಟ್ ಹಿಂದೆ ನಿಲ್ಲುವವನು ಬೇಕಾದನು. ಇಬ್ಬರು ಮಾಲಕರು ಮೈದಾನದ ಅಂಚಿನಲ್ಲಿ ಚಹಾ ಕುಡಿಯುತ್ತ ಮಾತನಾಡಿಕೊಂಡು, ಸಾವಿರ ರೂಪಾಯಿ ನಗದಿಗೆ ಹುಡುಗನನ್ನು ಕೈ ಬದಲಿಸಿದರು. ಸುದ್ದಿಯನ್ನು ಧ್ವನಿವರ್ಧಕದಲ್ಲಿ ಸಾರಲಾಯಿತು. ಮೈದಾನವೆಲ್ಲ ನಕ್ಕಿತು. ಅಂದಿನಿಂದ ಅವನಿಗೆ ‘ಹಜಾರಿ’ ಎಂಬ ಅಡ್ಡಹೆಸರು ಅಂಟಿತು. ಬಸ್ ನಿಲ್ದಾಣದಲ್ಲಿ ಹಜಾರಿ, ಹೋಟೆಲಿನ ಮುಂದೆ ಹಜಾರಿ, ಜಾತ್ರೆಯಲ್ಲಿಯೂ ಹಜಾರಿ. ಹುಡುಗನು ಮೈದಾನಕ್ಕೆ ಹೋಗುವುದನ್ನು ಬಿಟ್ಟನು. ಕೆಲವು ದಿನಗಳಲ್ಲಿ ಮನೆಯ ಹೊರಗೆ ಬರುವುದನ್ನೂ ಬಿಟ್ಟನು. ಆಗ ತಂದೆ ಮಠಕ್ಕೆ ಬಂದು, ಪಾದದ ಬಳಿ ಕುಳಿತು ಕೇಳಿದ ಮಾತು ಇಷ್ಟೇ: “ಅಪ್ಪಾವರೇ, ಆ ಸಾವಿರ ರೂಪಾಯಿ ನಾನೇ ಕೊಡ್ತಿದ್ದೆರಿ. ನನ್ನ ಮಗನಿಗಿ ಯಾಕ ಮಾರಿದ್ರು?”

ಇದು ಹಳ್ಳಿಯ ಹುಡುಗಾಟ, ಇದಕ್ಕೇಕೆ ಇಷ್ಟು ವಿಚಾರ ಎಂದು ಕೆಲವರು ಅನ್ನಬಹುದು. ಆದರೆ ಹಳ್ಳಿಯ ಹುಡುಗರು ಈ ಆಟವನ್ನು ತಾವೇ ಕಂಡುಹಿಡಿದವರಲ್ಲ. ದೊಡ್ಡವರು ಆಡುವುದನ್ನು ನೋಡಿ ಕಲಿತವರು. ಆದುದರಿಂದ ದೊಡ್ಡವರ ಆಟವನ್ನು ಮೊದಲು ನೋಡಬೇಕು.

2008ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಮೊದಲ ಹರಾಜು ನಡೆಯಿತು. ಅದುವರೆಗೆ ನಮ್ಮ ದೇಶದಲ್ಲಿ ಆಟಗಾರನು ಊರಿಗೆ, ರಾಜ್ಯಕ್ಕೆ, ದೇಶಕ್ಕೆ ಸೇರಿದವನಾಗಿದ್ದನು. ಅಂದಿನಿಂದ ಅವನಿಗೆ ಒಬ್ಬ ಕೊಂಡವನೂ ಒದಗಿದನು. ಬೆಂಗಳೂರಿನ ತಂಡದ ಮೊದಲ ನಾಯಕರಾಗಿದ್ದ ರಾಹುಲ್ ದ್ರಾವಿಡರನ್ನು 2011ರಲ್ಲಿ ಆ ತಂಡ ಉಳಿಸಿಕೊಳ್ಳಲಿಲ್ಲ. ರಾಜಸ್ಥಾನದ ತಂಡ ಅವರನ್ನು 5 ಲಕ್ಷ ಡಾಲರಿಗೆ ಪಡೆಯಿತು. ಕೊಡಗಿನ ಮನೆತನದ ರಾಬಿನ್ ಉತ್ತಪ್ಪ 2021ರ ಜನವರಿಯಲ್ಲಿ ರಾಜಸ್ಥಾನದಿಂದ ಚೆನ್ನೈಗೆ ಹೋದದ್ದು ಪೂರ್ಣ ನಗದು ವ್ಯವಹಾರದಲ್ಲಿ. ಆಟಗಾರನ ಬದಲಿಗೆ ಆಟಗಾರನಲ್ಲ, ಆಟಗಾರನ ಬದಲಿಗೆ ಹಣ.

ಬೆಂಗಳೂರಿನ ಕೃಷ್ಣಪ್ಪ ಗೌತಮರ ಕಥೆ ಇನ್ನೂ ವಿಚಾರಾರ್ಹವಾದುದು. 2019ರ ಆಗಸ್ಟ್ ತಿಂಗಳಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಒಂದೇ ಪಂದ್ಯದಲ್ಲಿ, ಬಳ್ಳಾರಿಯ ತಂಡಕ್ಕಾಗಿ, ಅವರು 56 ಎಸೆತಗಳಲ್ಲಿ ಅಜೇಯ 134 ರನ್ ಹೊಡೆದು, ಬಳಿಕ 15 ರನ್ನಿಗೆ 8 ವಿಕೆಟ್ ಪಡೆದರು. ಅದೇ ವರ್ಷದ ನವೆಂಬರಿನಲ್ಲಿ ರಾಜಸ್ಥಾನದ ತಂಡ ಅವರನ್ನು ಪಂಜಾಬಿಗೆ ಹಸ್ತಾಂತರಿಸಿತು. 2021ರ ಹರಾಜಿನಲ್ಲಿ, ಇನ್ನೂ ಭಾರತಕ್ಕಾಗಿ ಆಡಿರದ ಅವರಿಗೆ, 20 ಲಕ್ಷದಿಂದ ಆರಂಭವಾದ ಸವಾಲು 9 ಕೋಟಿ 25 ಲಕ್ಷ ರೂಪಾಯಿಗೆ ಮುಟ್ಟಿತು. ಆ ಋತುವಿನಲ್ಲಿ ಚೆನ್ನೈ ತಂಡ ಅವರನ್ನು ಒಂದು ಪಂದ್ಯದಲ್ಲಿಯೂ ಆಡಿಸಲಿಲ್ಲ. ಮರುವರ್ಷ ಅವರ ಬೆಲೆ 90 ಲಕ್ಷ. ಒಂದೇ ವರ್ಷದಲ್ಲಿ ಹತ್ತನೆಯ ಒಂದು ಭಾಗಕ್ಕೆ ಇಳಿದದ್ದು ಯಾವುದು? ಅವರ ಕೈಚಳಕವೆ? ಅವರ ಶೀಲವೆ? ಎರಡೂ ಅಲ್ಲ. ಕೊಳ್ಳುವವರ ಅವಶ್ಯಕತೆ ಮಾತ್ರ ಬದಲಾಗಿತ್ತು. ಬೆಲೆಯೆಂಬುದು ವಸ್ತುವಿನ ಒಳಗಿರುವ ಗುಣವಲ್ಲ, ಕೊಳ್ಳುವವನ ಮನಸ್ಸಿನ ಏರಿಳಿತ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಲ್ಲಿ ನ್ಯಾಯವಾದ ಒಂದು ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹಣವೇ ಪಾಪವೆಂದು ನಮ್ಮ ಶರಣರು ಎಂದೂ ಹೇಳಲಿಲ್ಲ. ಕಾಯಕಕ್ಕೆ ತಕ್ಕ ಫಲ ಬರಬೇಕೆಂಬುದು ಅವರ ಸಿದ್ಧಾಂತ. ಆಟವೂ ಒಂದು ಕಾಯಕವಾಗಬಲ್ಲದು. ಬೆಳಗಿನ ನಾಲ್ಕಕ್ಕೆ ಎದ್ದು ಬೆವರು ಸುರಿಸಿದವನಿಗೆ ಕೋಟಿ ದೊರೆತರೆ ಹೊಟ್ಟೆಕಿಚ್ಚು ಪಡಬೇಕಾದುದಿಲ್ಲ. ಈ ಲೀಗಿನಿಂದ ಎಷ್ಟೋ ಬಡ ಮನೆಗಳು ಹೆಂಚು ಕಂಡಿವೆ. ಹಸ್ತಾಂತರಕ್ಕೆ ಆಟಗಾರನ ಒಪ್ಪಿಗೆ ಬೇಕೆಂಬ ನಿಯಮವೂ ಅಲ್ಲಿದೆ. ಆದುದರಿಂದ ಕೋಟಿಗೆ ಹೋದವನನ್ನು ಗುಲಾಮನೆಂದು ಕರೆಯುವುದು ಅತಿಶಯೋಕ್ತಿ. ನಮ್ಮ ಪ್ರಶ್ನೆ ಹಣದ ಮೊತ್ತವನ್ನು ಕುರಿತದ್ದಲ್ಲ. ಕೆಲಸಕ್ಕೆ ಬೆಲೆ ಕಟ್ಟುವುದು ಎಲ್ಲಿ ಮುಗಿಯುತ್ತದೆ, ಮನುಷ್ಯನಿಗೆ ಬೆಲೆ ಕಟ್ಟುವುದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಕುರಿತದ್ದು.

ಈ ಗೆರೆಯನ್ನು ದಾಟುವವರು ಮಾಲಕರು ಮಾತ್ರವೆಂದು ತಿಳಿಯಬಾರದು. ನೋಡುವವರೂ ದಾಟುತ್ತಾರೆ. 2023ರ ನವೆಂಬರಿನಲ್ಲಿ ಗುಜರಾತ್ ತಂಡದ ನಾಯಕ ಹಾರ್ದಿಕ್ ಪಾಂಡ್ಯ ನಗದು ವ್ಯವಹಾರದಲ್ಲಿ ಮುಂಬಯಿಗೆ ಹಿಂದಿರುಗಿದರು. ಅದಕ್ಕೆ ಬೇಕಾದ ಹಣ ಮುಂಬಯಿಯ ಕೈಗೆ ಒದಗಲೆಂದು ಕ್ಯಾಮರಾನ್ ಗ್ರೀನ್ ಎಂಬ ಆಸ್ಟ್ರೇಲಿಯದ ತರುಣನು 17 ಕೋಟಿ 50 ಲಕ್ಷಕ್ಕೆ ನಮ್ಮ ಬೆಂಗಳೂರಿನ ತಂಡಕ್ಕೆ ಬಂದನು. ಮರುವರ್ಷ ಪಂದ್ಯಗಳು ಆರಂಭವಾದಾಗ ಅಹಮದಾಬಾದಿನ ಪ್ರೇಕ್ಷಕರು, ಬಿಟ್ಟುಹೋದನೆಂದು, ಪಾಂಡ್ಯರನ್ನು ಹೀಯಾಳಿಸಿದರು. ಮುಂಬಯಿಯ ಪ್ರೇಕ್ಷಕರು, ತಮ್ಮ ಮೆಚ್ಚಿನ ನಾಯಕನ ಸ್ಥಾನಕ್ಕೆ ಬಂದನೆಂದು, ಹೀಯಾಳಿಸಿದರು. ಹೋದಲ್ಲಿಯೂ ಅಪರಾಧಿ, ಬಂದಲ್ಲಿಯೂ ಅಪರಾಧಿ. 2024ರ ಜೂನ್ 29ರಂದು ವಿಶ್ವಕಪ್ಪಿನ ಅಂತಿಮ ಪಂದ್ಯದ ಕೊನೆಯ ಓವರನ್ನು ಅವರೇ ಎಸೆದು ಭಾರತವನ್ನು ಗೆಲ್ಲಿಸಿದರು. ಐದು ದಿನಗಳ ತರುವಾಯ, ಹೀಯಾಳಿಕೆ ಕೇಳಿದ ಅದೇ ಮುಂಬಯಿಯ ಮೈದಾನ ಅವರ ಹೆಸರನ್ನು ಜಯಘೋಷ ಮಾಡಿತು. ಆ ಮೂರು ತಿಂಗಳಲ್ಲಿ ಆ ಮನುಷ್ಯನು ಬದಲಾಗಿದ್ದನೆ? ಬದಲಾದದ್ದು ಪ್ರೇಕ್ಷಕರ ಲಾಭನಷ್ಟದ ಲೆಕ್ಕ.

ಕನ್ನಡದಲ್ಲಿ ಇಂಥವರನ್ನು ಅಭಿಮಾನಿಗಳು ಎನ್ನುತ್ತೇವೆ. ಈ ಮಾತನ್ನು ಸ್ವಲ್ಪ ಒಡೆದು ನೋಡಬೇಕು. ಶಾಸ್ತ್ರದ ಪರಿಭಾಷೆಯಲ್ಲಿ ಅಭಿಮಾನವೆಂದರೆ ‘ನಾನು’ ‘ನನ್ನದು’ ಎಂಬ ಭಾವ. ಸಾಧಕನು ಕಳೆದುಕೊಳ್ಳಬೇಕಾದ ದೋಷಗಳಲ್ಲಿ ಅದೊಂದು. ಲೋಕದ ನುಡಿಯಲ್ಲಿ ಅದೇ ಮಾತು ಪ್ರೀತಿಯೆಂಬ ಅರ್ಥ ಪಡೆಯಿತು. ಎರಡು ಅರ್ಥಗಳೂ ಅಭಿಮಾನಿಯ ಎದೆಯಲ್ಲಿ ಒಟ್ಟಿಗೆ ವಾಸಿಸುತ್ತವೆ. ನಮ್ಮ ಪ್ರಸಾದ ನಿಲಯದ ಹುಡುಗರು 2022ರಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ತಂಡ ಮಹಾರಾಜ ಟ್ರೋಫಿ ಗೆದ್ದಾಗ, ನಮ್ಮ ಸೀಮೆಯ ಹೆಸರು ಗೆದ್ದಿತೆಂದು ಕುಣಿದರು. ಅದು ನಿರ್ಮಲವಾದ ಪ್ರೀತಿ. ಆದರೆ ಆಟಗಾರನು ಸೋತಾಗ, ಬೇರೆ ತಂಡಕ್ಕೆ ಹೋದಾಗ, ಅದೇ ಪ್ರೀತಿ ಒಡೆತನದ ರೂಪ ತಾಳಿ ‘ನಮ್ಮ ದುಡ್ಡು ತಿಂದವನು’ ಎಂದು ಬಯ್ಯುತ್ತದೆ. ಆಗ ಅಭಿಮಾನಿಯೂ ಮಾಲಕನ ಪಕ್ಕದ ಕುರ್ಚಿಯಲ್ಲಿ ಕುಳಿತಂತೆಯೇ ಆಯಿತು. ಸುತ್ತಿಗೆ ಒಬ್ಬನ ಕೈಯಲ್ಲಿದ್ದರೂ ಏಟು ಎಲ್ಲರದು. ಮಾರಿದವನ ಮೇಲೆ ಇಲ್ಲದ ಸಿಟ್ಟು ಮಾರಾಟವಾದವನ ಮೇಲೆ ಏಕೆ? ಮಾರಿದವನ ಮುಖ ಕಾಣುವುದಿಲ್ಲ. ಮಾರಾಟವಾದವನು ಎದುರಿಗೆ ನಿಂತಿರುತ್ತಾನೆ. ಇಷ್ಟೇ ಕಾರಣ.

ಈ ರೋಗ ನಮ್ಮ ದೇಶಕ್ಕಿಂತ ಮೊದಲು ಅಮೆರಿಕದಲ್ಲಿ ಬೇರೂರಿತ್ತು. ಅಲ್ಲಿಯ ಜನಪ್ರಿಯ ಕ್ರೀಡೆ ಬೇಸ್‌ಬಾಲ್. ಕ್ರಿಕೆಟ್ಟಿನಂತೆ ಅದೂ ಚೆಂಡು ದಾಂಡುಗಳ ಆಟ. ಅಲ್ಲಿ ಆಟಗಾರನು ಒಮ್ಮೆ ಸಹಿ ಹಾಕಿದರೆ ಆ ತಂಡದವರು ಬಿಡುವವರೆಗೆ, ಅಥವಾ ಮಾರುವವರೆಗೆ, ಅವರಿಗೇ ಕಟ್ಟುಬಿದ್ದಿರಬೇಕಾಗಿತ್ತು. 1969ರಲ್ಲಿ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರನನ್ನು ಸೇಂಟ್ ಲೂಯಿಸಿನ ತಂಡ ಫಿಲಡೆಲ್ಫಿಯಕ್ಕೆ ಕೊಟ್ಟುಬಿಟ್ಟಿತು. ಹನ್ನೆರಡು ವರ್ಷ ಆ ತಂಡಕ್ಕೆ ದುಡಿದಿದ್ದ ಆತ, ಆ ವರ್ಷದ ಡಿಸೆಂಬರ್ 24ರಂದು ಲೀಗಿನ ಮುಖ್ಯಾಧಿಕಾರಿಗೆ ಪತ್ರ ಬರೆದು, ತಾನು ಕೊಳ್ಳುವ ಮಾರುವ ಆಸ್ತಿಯಲ್ಲವೆಂದು ತಿಳಿಸಿ ಹೋಗಲು ನಿರಾಕರಿಸಿದನು. ಅಷ್ಟು ದೊಡ್ಡ ಸಂಬಳದವನು ಹೀಗೆ ಹೇಳಬಹುದೆ ಎಂದು ಕೇಳಿದವರಿಗೆ, ಸಂಬಳ ಹೆಚ್ಚಾದ ಮಾತ್ರಕ್ಕೆ ದಾಸ್ಯ ದಾಸ್ಯವಲ್ಲವೆಂದಾಗದು ಎಂಬರ್ಥದ ಉತ್ತರ ಕೊಟ್ಟನು. 1972ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅವನ ವಿರುದ್ಧ ತೀರ್ಪು ನೀಡಿತು. ಅವನ ಆಟದ ಬದುಕು ಮುಗಿಯಿತು. ಆದರೆ 1975ರ ಡಿಸೆಂಬರಿನಲ್ಲಿ ಬೇರೆ ಇಬ್ಬರು ಆಟಗಾರರ ವ್ಯಾಜ್ಯದಲ್ಲಿ ಆ ಕಟ್ಟು ಸಡಿಲವಾಯಿತು. ಫಲವನ್ನು ಉಂಡವರು ಬೇರೆ, ಬೀಜ ಬಿತ್ತಿದವನು ಬೇರೆ.

ಫ್ಲಡ್ ಪ್ರಸಿದ್ಧನಾಗಿದ್ದನು, ಅವನ ಮಾತನ್ನು ಲೋಕ ಕೇಳಿತು. ಪ್ರಸಿದ್ಧಿಯಿಲ್ಲದವನ ಪಾಡೇನು? ನಮ್ಮಲ್ಲಿ ಮೊದಲ ಹರಾಜು ನಡೆದ 2008ರಲ್ಲಿಯೇ, ಅಲ್ಲಿಯ ಚಿಕ್ಕ ಲೀಗೊಂದರಲ್ಲಿ ಜಾನ್ ಓಡಮ್ ಎಂಬ ಎಸೆತಗಾರನಿದ್ದನು. ಕೆನಡಾದ ಕ್ಯಾಲ್ಗರಿಯ ತಂಡದವರು ಅವನನ್ನು ಟೆಕ್ಸಾಸಿನ ಲರೇಡೊ ತಂಡಕ್ಕೆ ಕೊಟ್ಟು, ಬದಲಿಗೆ ಪಡೆದದ್ದು ಹತ್ತು ಮರದ ಬ್ಯಾಟುಗಳನ್ನು. ಅವುಗಳ ಒಟ್ಟು ಬೆಲೆ 665 ಡಾಲರ್. ಸುದ್ದಿ ದೇಶವೆಲ್ಲ ಹಬ್ಬಿತು. ಅವನು ಆಡಲು ಇಳಿದಲ್ಲೆಲ್ಲ ಪ್ರೇಕ್ಷಕರು ‘ಬ್ಯಾಟ್‌ಮ್ಯಾನ್’ ಎಂದು ಕೂಗಿ ನಕ್ಕರು. ಮೊದಮೊದಲು ತಾನೂ ನಗಲು ಪ್ರಯತ್ನಿಸಿದನು. ಕೆಲವೇ ವಾರಗಳಲ್ಲಿ ತಂಡ ಬಿಟ್ಟುಹೋದನು. ಅದೇ ವರ್ಷದ ನವೆಂಬರಿನಲ್ಲಿ, 26ನೆಯ ವಯಸ್ಸಿನಲ್ಲಿ, ಮಾದಕ ಪದಾರ್ಥಗಳ ಅತಿಸೇವನೆಯಿಂದ ತೀರಿಕೊಂಡನು. ಅವನಿಗೆ ಮೊದಲಿನಿಂದಲೂ ಕಷ್ಟಗಳಿದ್ದವು; ಸಾವಿಗೆ ಆ ನಗೆಯೊಂದೇ ಕಾರಣವೆಂದು ಹೇಳುವುದು ಸಾಧುವಲ್ಲ. ಆದರೆ ಮುಳುಗುತ್ತಿದ್ದವನ ತಲೆಯ ಮೇಲೆ ಸಾವಿರಾರು ಜನರು ಒಂದೊಂದು ಹಿಡಿ ಮಣ್ಣು ಹಾಕಿದರೆಂಬುದು ಸುಳ್ಳಲ್ಲ. ಆ ಹತ್ತು ಬ್ಯಾಟುಗಳನ್ನು ವಿಚಿತ್ರ ವಸ್ತುಗಳ ಸಂಗ್ರಾಹಕ ಸಂಸ್ಥೆಯೊಂದು 10,000 ಡಾಲರಿಗೆ ಕೊಂಡಿತು. ವಸ್ತುವಿನ ಬೆಲೆ ಏರಿತು, ಮನುಷ್ಯ ಮಣ್ಣಾದನು.

‘ಬ್ಯಾಟ್‌ಮ್ಯಾನ್’ ಮತ್ತು ‘ಹಜಾರಿ’, ಈ ಎರಡು ಅಡ್ಡಹೆಸರುಗಳ ನಡುವೆ ಸಾವಿರಾರು ಮೈಲಿಗಳ ಅಂತರವಿದೆ. ಆದರೆ ಅರ್ಥ ಒಂದೇ. ಎರಡರಲ್ಲಿಯೂ ತಂದೆತಾಯಿಗಳಿಟ್ಟ ಹೆಸರನ್ನು ಅಳಿಸಿ, ಆ ಸ್ಥಳದಲ್ಲಿ ಬೆಲೆಯನ್ನು ಬರೆಯಲಾಗಿದೆ.

ವಾಚಕರೇ, ನಮ್ಮ ನೆಲಕ್ಕೆ ಇದು ಹೊಸದೆಂದು ಬೀಗಬೇಡಿರಿ. ಬೀದರಿನ ಬರೀದಶಾಹಿ ಗೋರಿಗಳನ್ನು ತಾವೆಲ್ಲರೂ ನೋಡಿದ್ದೀರಿ. ಆ ವಂಶದ ಮೂಲಪುರುಷನಾದ ಕಾಸಿಮ್ ಬರೀದನು ಈ ನಾಡಿಗೆ ಗುಲಾಮನಾಗಿ ಬಂದವನು. ಅವನನ್ನು ಎಷ್ಟು ಹೊನ್ನಿಗೆ ಕೊಂಡರೆಂಬುದನ್ನು ಇಂದು ಯಾರೂ ಕೇಳುವುದಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ‘ಭಗೇಲಾ’ ಎಂಬ ಪದ್ಧತಿಯಿತ್ತು. ಸಾಲ ತೀರುವವರೆಗೆ ಆಳು ಯಜಮಾನನ ಮನೆಯಲ್ಲಿ ದುಡಿಯಬೇಕು, ಸಾಲ ತೀರುತ್ತಿರಲಿಲ್ಲ. ಹೊಸ ಯಜಮಾನನು ಹಳೆಯ ಸಾಲವನ್ನು ಕೊಟ್ಟರೆ ಆಳು ಅವನ ಮನೆಗೆ ಹೋಗುತ್ತಿದ್ದನು. ಇಬ್ಬರು ಯಜಮಾನರ ನಡುವೆ ಹಣ ಕೈ ಬದಲಾಯಿಸುತ್ತಿತ್ತು. ಆಳಿನ ಸಾಲ ಮಾತ್ರ ಹಾಗೆಯೇ ಇರುತ್ತಿತ್ತು. 1976ರ ಜೀತ ನಿರ್ಮೂಲನ ಕಾಯಿದೆ ಇದನ್ನು ಅಪರಾಧವೆಂದು ಸಾರಿತು. ಆದರೆ ಕಾಯಿದೆ ಹಗ್ಗವನ್ನು ಕತ್ತರಿಸಬಲ್ಲದು, ಹಗ್ಗ ಹಿಡಿಯುವ ಕೈಯ ಅಭ್ಯಾಸವನ್ನು ಕತ್ತರಿಸಲಾರದು.

ಆ ಅಭ್ಯಾಸ ನಮ್ಮ ಮನೆಗಳಲ್ಲಿಯೇ ಇನ್ನೂ ಜೀವಂತವಾಗಿದೆ. ವರದಕ್ಷಿಣೆಯನ್ನು 1961ರಲ್ಲಿಯೇ ನಿಷೇಧಿಸಲಾಯಿತು. ಆದರೂ ನಮ್ಮ ಭಕ್ತರ ಮನೆಗಳಲ್ಲಿ ವೈದ್ಯನಾದ ವರನಿಗೆ ಇಷ್ಟು, ಇಂಜಿನಿಯರನಿಗೆ ಇಷ್ಟು, ಸರಕಾರಿ ನೌಕರನಿಗೆ ಇಷ್ಟು ಎಂದು ದರ ನಿಗದಿಯಾಗಿರುವುದನ್ನು ಅರಿಯದವರಾರು? ಅಲ್ಲಿ ಸುತ್ತಿಗೆಯಿಲ್ಲ, ಧ್ವನಿವರ್ಧಕವಿಲ್ಲ. ಮಾತುಕತೆ ಒಳಕೋಣೆಯಲ್ಲಿ ಮುಗಿಯುತ್ತದೆ. ಮಗನನ್ನು ಕೋಟಿಗೆ ಮಾರಿಕೊಂಡ ತಂದೆ ಮಂಟಪದಲ್ಲಿ ಮೀಸೆ ತಿರುವುತ್ತಾನೆ. ಹಳ್ಳಿಯ ಹುಡುಗರು ಹರಾಜು ಮಾಡಿದರೆಂದು ಅವರನ್ನು ಗದರಿಸುವ ಮುನ್ನ ನಾವು ಈ ಮಂಟಪಗಳಲ್ಲಿ ಎಷ್ಟು ಸಲ ಅಕ್ಷತೆ ಹಾಕಿದ್ದೇವೆಂದು ನೆನೆಸಿಕೊಳ್ಳಬೇಕು. ಇದನ್ನು ನಮಗೂ ಸೇರಿಸಿಯೇ ಹೇಳುತ್ತಿದ್ದೇವೆ.

ಮೂಕ ಪ್ರಾಣಿಯ ವಿಷಯದಲ್ಲಿ ನಮ್ಮ ಹಿರಿಯರು ಇದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಪಾಲಿಸುತ್ತಿದ್ದರು. ನಮ್ಮ ಸೀಮೆಯ ದೇವಣಿ ಎತ್ತುಗಳ ಹೆಸರು ದೇಶಕ್ಕೆಲ್ಲ ಗೊತ್ತು. ದನದ ಸಂತೆಯಲ್ಲಿ ದಲಾಲರು ಟವೆಲಿನ ಮರೆಯಲ್ಲಿ ಕೈಗೆ ಕೈ ಕೂಡಿಸಿ, ಬೆರಳುಗಳನ್ನು ಹಿಡಿದು ಬೆಲೆ ಹೇಳುವುದನ್ನು ನಾವು ಬಾಲ್ಯದಲ್ಲಿ ಬೆರಗಿನಿಂದ ನೋಡಿದ್ದೇವೆ. ಅದರ ಉದ್ದೇಶ ವ್ಯಾಪಾರದ ಗುಟ್ಟೇ ಇದ್ದೀತು. ಆದರೂ ಫಲವಾಗಿ ಎತ್ತಿನ ಬೆಲೆ ಬಯಲಾಗುತ್ತಿರಲಿಲ್ಲ. ಯಾವ ಎತ್ತನ್ನೂ ಅದರ ಬೆಲೆಯಿಂದ ಯಾರೂ ಕರೆಯುತ್ತಿರಲಿಲ್ಲ. ಮಾರುವ ಮನೆಯ ಗೃಹಿಣಿ ಎತ್ತಿನ ಹಣೆಗೆ ಕುಂಕುಮವಿಟ್ಟು, ಬೆಲ್ಲ ತಿನ್ನಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಎತ್ತಿಗೆ ದೊರೆತ ಟವೆಲಿನ ಮರೆ ಆ ಹದಿನೇಳು ವರ್ಷದ ಹುಡುಗನಿಗೆ ದೊರೆಯಲಿಲ್ಲ.

ಹಾಗಾದರೆ ಗೆರೆ ಎಲ್ಲಿದೆ? ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1785ರಲ್ಲಿ ಪ್ರಕಟವಾದ ತನ್ನ ನೀತಿಗ್ರಂಥದಲ್ಲಿ ಒಂದು ಭೇದವನ್ನು ಕಲ್ಪಿಸಿದನು. ಯಾವುದರ ಸ್ಥಾನದಲ್ಲಿ ಸಮಾನವಾದ ಇನ್ನೊಂದನ್ನು ಇಡಬಹುದೋ ಅದಕ್ಕೆ ಬೆಲೆಯುಂಟು. ಯಾವುದರ ಸ್ಥಾನದಲ್ಲಿ ಇನ್ನೊಂದನ್ನು ಇಡಲಾಗದೋ ಅದಕ್ಕೆ ಇರುವುದು ಬೆಲೆಯಲ್ಲ, ಘನತೆ. ಅವನ ತಾತ್ಪರ್ಯ ಇದು. ಹತ್ತು ಬ್ಯಾಟುಗಳ ಸ್ಥಾನದಲ್ಲಿ ಬೇರೆ ಹತ್ತು ಬ್ಯಾಟುಗಳನ್ನು ಇಡಬಹುದು. ಓಡಮನ ತಾಯಿಗೆ ಓಡಮನ ಸ್ಥಾನದಲ್ಲಿ ಯಾವುದನ್ನು ಇಡೋಣ?

ಕಾಂಟನು ಬುದ್ಧಿಯಿಂದ ಮುಟ್ಟಿದ ಸ್ಥಳವನ್ನು ನಮ್ಮ ಶರಣರು ಆರು ಶತಮಾನಗಳ ಮೊದಲೇ ಬದುಕಿನಿಂದ ಮುಟ್ಟಿದ್ದರು. ನಮ್ಮ ಬೀದರ ಜಿಲ್ಲೆಯ ಕಲ್ಯಾಣದಲ್ಲಿಯೇ ಅದು ನಡೆಯಿತು. ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಬಂದು, ಕಟ್ಟಿಗೆ ಕಡಿದು ಮಾರುತ್ತ ಬಾಳಿದರೆಂಬುದು ಪರಂಪರೆ. ಬಸವಣ್ಣನವರು ಅವರ ಮನೆಯಲ್ಲಿ ಗುಟ್ಟಾಗಿ ಹೊನ್ನನ್ನು ಇಟ್ಟು ಬಂದಾಗ ಮಾರಯ್ಯ ದಂಪತಿಗಳು ಅದನ್ನು ಇಟ್ಟುಕೊಳ್ಳದೆ ಜಂಗಮರಿಗೆ ಒಪ್ಪಿಸಿದರು. ಅವರು ವ್ಯಾಪಾರವನ್ನೇ ಮಾಡದ ವೈರಾಗಿಗಳಲ್ಲ. ಪ್ರತಿದಿನವೂ ಕಟ್ಟಿಗೆಯ ಹೊರೆಗೆ ಬೆಲೆ ಹೇಳಿ ಮಾರುತ್ತಿದ್ದರು. ಹೊರೆಗೆ ಬೆಲೆಯುಂಟು, ಹೊತ್ತವನಿಗೆ ಇಲ್ಲ. ಕಾಯಕ ಸಿದ್ಧಾಂತದ ಸಾರವೆಲ್ಲ ಈ ಒಂದು ಭೇದದಲ್ಲಿದೆ. ಲಿಂಗವನ್ನು ಅಂಗದ ಮೇಲೆ ಧರಿಸುವ ನಮಗೆ ಇದು ಬೇಗ ತಿಳಿಯಬೇಕು. ಯಾವ ದೇಹದ ಮೇಲೆ ಇಷ್ಟಲಿಂಗ ನೆಲಸಿದೆಯೋ ಆ ದೇಹದ ಮೇಲೆ ಬೆಲೆಯ ಚೀಟಿ ಅಂಟಿಸಲು ಜಾಗವೆಲ್ಲಿ?

ಮನುಷ್ಯ ಮಾರಾಟವಾಗಿಯೇ ತೀರಿದರೆ ಗತಿಯೇನು ಎಂಬ ಪ್ರಶ್ನೆಗೆ ನಮ್ಮ ಮಹಾಕವಿ ರಾಘವಾಂಕನು ಹರಿಶ್ಚಂದ್ರನ ಕಾವ್ಯದಲ್ಲಿ ಉತ್ತರವಿತ್ತಿದ್ದಾನೆ. ಕಾಶಿಯ ಬೀದಿಯಲ್ಲಿ ಮಡದಿ ಮಗನನ್ನು ಮಾರಿ, ಕೊನೆಗೆ ತನ್ನನ್ನೂ ವೀರಬಾಹುಕನಿಗೆ ಮಾರಿಕೊಂಡ ಅರಸನ ಕಥೆ ಅದು. ಕೊಂಡವನು ಹರಿಶ್ಚಂದ್ರನ ತೋಳನ್ನು ಪಡೆದನು, ಕಾಲವನ್ನು ಪಡೆದನು, ಸತ್ಯವನ್ನು ಪಡೆಯಲಾಗಲಿಲ್ಲ. ಆದರೆ ಎಲ್ಲರೂ ಹರಿಶ್ಚಂದ್ರರಲ್ಲ. ಹದಿನೇಳು ವರ್ಷದ ಹುಡುಗನು ಸಾವಿರ ಜನರ ನಗೆಯ ಎದುರಿಗೆ ತನ್ನ ಮೌಲ್ಯವನ್ನು ತಾನೊಬ್ಬನೇ ಕಾಪಾಡಿಕೊಳ್ಳಲಿ ಎನ್ನುವುದು ಕ್ರೌರ್ಯ. ಅದನ್ನು ಕಾಪಾಡಬೇಕಾದವರು ನಾವು.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋದರೆ ನಾವು ಪ್ರಾಮಾಣಿಕರಾಗುವುದಿಲ್ಲ. ಎಂಟನೆಯ ವಯಸ್ಸಿನಲ್ಲಿ ತಂದೆತಾಯಿಗಳು ನಮ್ಮನ್ನು ಮಠಕ್ಕೆ ಒಪ್ಪಿಸಿದರು. ಹಣದ ಮಾತು ಅಲ್ಲಿರಲಿಲ್ಲ, ಭಕ್ತಿಯೇ ಇತ್ತು. ಆದರೆ ನಮ್ಮನ್ನೂ ಯಾರೂ ಕೇಳಿರಲಿಲ್ಲ. ಮೂರು ರಾತ್ರಿ ಅತ್ತೆವು. ನಾಲ್ಕನೆಯ ದಿನ ಪೂಜೆ ಮುಗಿಸಿದ ಗುರುಗಳು ನಮ್ಮನ್ನು ಹತ್ತಿರ ಕೂರಿಸಿಕೊಂಡು, “ಮನೆಗೆ ಹೋಗಬೇಕೇನಪ್ಪಾ? ಹೋಗಬೇಕೆನಿಸಿದರೆ ಹೇಳು, ನಾನೇ ಬಂದು ಬಿಟ್ಟುಬರುತ್ತೇನೆ” ಎಂದರು. ಕೇಳಿದರೆಂಬುದಕ್ಕಾಗಿಯೇ ಉಳಿದೆವು. ಕೊಡುವಾಗ ಹಣವಿತ್ತೋ ಇಲ್ಲವೋ ಎಂಬುದಕ್ಕಿಂತ, ಕೊಡಲ್ಪಟ್ಟವನನ್ನು ಯಾರಾದರೂ ಕೇಳಿದರೋ ಇಲ್ಲವೋ ಎಂಬುದೇ ದೊಡ್ಡದು ಎಂಬುದನ್ನು ನಾವು ಪುಸ್ತಕಗಳಿಂದ ಕಲಿಯಲಿಲ್ಲ, ಆ ಬೆಳಗಿನಲ್ಲಿ ಕಲಿತೆವು.

ಆದುದರಿಂದ ಮೂರು ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತೇವೆ. ಆಟವಿರಲಿ, ನೌಕರಿಯಿರಲಿ, ಮದುವೆಯಿರಲಿ, ಮನುಷ್ಯನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಲ್ಲೆಲ್ಲ ಇವನ್ನು ಕೇಳಿಕೊಳ್ಳಿರಿ. ಅವನನ್ನು ಕೇಳಲಾಯಿತೆ, ಬೇಡವೆನ್ನುವ ಧೈರ್ಯ ಅವನಿಗೆ ಇತ್ತೆ? ಬೆಲೆ ಕಟ್ಟಿದ್ದು ಅವನು ಮಾಡುವ ಕೆಲಸಕ್ಕೋ, ಅವನಿಗೋ? ವ್ಯವಹಾರ ಮುಗಿದ ಮರುದಿನ ಅವನನ್ನು ಅವನ ಹೆಸರಿನಿಂದ ಕರೆಯುತ್ತೇವೆಯೋ, ಬೆಲೆಯಿಂದಲೋ? ಕೋಟಿಗೆ ಹೋದ ಆಟಗಾರನ ವಿಷಯದಲ್ಲಿ ಮೊದಲೆರಡಕ್ಕೆ ಸಮಾಧಾನ ದೊರೆಯಬಹುದು. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ಮಾಲಕರಲ್ಲ, ಕಟ್ಟೆಯ ಮೇಲೆ ಕುಳಿತು ನೋಡುವ ನಾವು ನೀವು.

ಆ ಭಕ್ತನಿಗೆ ನಾವು ತಡವಾಗಿಯಾದರೂ ಉತ್ತರ ಹೇಳಿದೆವು. ಮಠಕ್ಕೆ ಕರೆಯಿಸಿ ಹೇಳಲಿಲ್ಲ, ಅವನ
ಮನೆಗೆ ಹೋಗಿ ಹೇಳಿದೆವು: “ನಿನ್ನ ಮಗನನ್ನು ಮಾರಿದ್ದು ತಪ್ಪು. ಹರಾಜಿನಲ್ಲಿ ಕುಳಿತು ನಾವು ಚಪ್ಪಾಳೆ ತಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು.” ಅವನು ಮಾತನಾಡಲಿಲ್ಲ, ನಮಗೆ ಕೂಡಲು ಕಂಬಳಿ ಹಾಸಿದನು. ಹುಡುಗನು ಒಳಗಿನಿಂದ ನೀರು ತಂದುಕೊಟ್ಟು, ಬಾಗಿಲ ಬಳಿ ನಿಂತನು. ಪಂದ್ಯಾವಳಿಯ ತರುಣರೂ ಬಳಿಕ ಮಠಕ್ಕೆ ಬಂದರು. ಅವರು ಕೆಟ್ಟವರಲ್ಲ, ಯೋಚಿಸಿರಲಿಲ್ಲ, ಅಷ್ಟೇ. ಬರುವ ವರ್ಷ ಹರಾಜು ಬೇಡ, ಚೀಟಿ ಎತ್ತಿ ತಂಡ ಮಾಡೋಣ, ಆಡಬಯಸಿದ ಒಬ್ಬನೂ ಹೊರಗುಳಿಯಬಾರದು ಎಂದು ತಾವೇ ನಿಶ್ಚಯಿಸಿದರು. ಹುಡುಗನು ಮಾತ್ರ ಇನ್ನೂ ಮೈದಾನಕ್ಕೆ ಇಳಿದಿಲ್ಲ. ಅವನನ್ನು ಒತ್ತಾಯಿಸಬೇಡಿರೆಂದು ನಾವು ಹೇಳಿದ್ದೇವೆ. ಬರುವುದೂ ಬಿಡುವುದೂ ಅವನ ಇಚ್ಛೆಗೆ ಸೇರಿದ್ದು.

ಅವನ ಹೆಸರನ್ನು ಇಲ್ಲಿ ಬರೆದಿಲ್ಲ. ಆ ಊರಿನ ಭಕ್ತರಿಗೆ, ನಿಲಯದ ಹಳೆಯ ವಿದ್ಯಾರ್ಥಿಗಳಿಗೆ ಅದು ಗೊತ್ತಿದೆ. ಅವರಲ್ಲಿ ನಮ್ಮದೊಂದು ಬೇಡಿಕೆ. ಸಂತಪುರದ ಬಸ್ ನಿಲ್ದಾಣದಲ್ಲಿಯೋ ಜಾತ್ರೆಯಲ್ಲಿಯೋ ಅವನು ಕಂಡರೆ, ತಂದೆತಾಯಿಗಳಿಟ್ಟ ಆ ಹೆಸರನ್ನು ಗಟ್ಟಿಯಾಗಿ ಕೂಗಿ ಕರೆಯಿರಿ. ನಾಲ್ಕು ಜನರಿಗೆ ಕೇಳಿಸುವಂತೆ ಕರೆಯಿರಿ. ಮಠಕ್ಕೆ ತಾವು ಸಲ್ಲಿಸುವ ಕಾಣಿಕೆಗಿಂತ ಅದು ನಮಗೆ ಮಿಗಿಲಾದುದು.

ಹೊರೆಗೆ ಬೆಲೆ ಹೇಳಿ, ಹೊತ್ತವನಿಗೆ ಶರಣೆನ್ನುವ ವಿವೇಕವನ್ನು ಗುರುಬಸವನು ನಮಗೆಲ್ಲರಿಗೂ ಕರುಣಿಸಲೆಂದು ಹಾರೈಸುತ್ತೇವೆ.